ಕುಡಿಯದವನಿಗೆ ಅಂಟಿದ ಕುಡುಕನ ಹೆಸರು

ನನ್ನ ಗಂಡ ಥೋರ್ಕಿಲ್ ಜನ್ಮದಲ್ಲಿ ಒಂದು ತೊಟ್ಟೂ ಕುಡಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಮ್ಮೂರಿನಲ್ಲಿ ಈಗಲೂ ಪೇಂಟರ್ ಥೋರ್ಕಿಲ್ ಎಂದರೆ, "ಓ, ಆ ಕುಡುಕನಾ?" ಎಂದು ಕೇಳುವ ಬಾಯಿಗಳಿವೆ. ಆ ಬಾಯಿಗಳಲ್ಲಿ ಅರ್ಧ ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಬಿಯರಿನಲ್ಲೇ ಮುಳುಗಿರುತ್ತವೆ. ಅವರನ್ನು ಯಾರೂ ಏನೂ ಅನ್ನುವುದಿಲ್ಲ. ಕುಡಿಯುವವನು ತೂರಾಡಿದರೆ ಅದು ಸುದ್ದಿಯಲ್ಲ, ಕುಡಿಯದವನು ತೂರಾಡಿದರೆ ಊರಿಗೆಲ್ಲ ಹಬ್ಬ.

ಅವನು ಹುಟ್ಟಿದ್ದು ನಮ್ಮ ಡೆನ್ಮಾರ್ಕಿನ ಲಿಮ್‌ಫ್ಯೋರ್ಡ್ ಹಿನ್ನೀರಿನ ಆಚೆ ದಡದಲ್ಲಿ, ಹಾವುಮೀನು ಹಿಡಿಯುವವರ ಮನೆಯಲ್ಲಿ. ಅಪ್ಪ ಕುಡುಕ. ಅಂತಿಂಥ ಕುಡುಕನಲ್ಲ, ಸುತ್ತಲ ಊರುಗಳಿಗೆಲ್ಲ ಹೆಸರಾದವನು. ಬಲೆ ಮಾರಿ ಕುಡಿದ, ದೋಣಿ ಮಾರಿ ಕುಡಿದ, ಕೊನೆಗೊಂದು ಚಳಿಗಾಲದಲ್ಲಿ ಚರ್ಚಿನ ಹಿಂದಿನ ಕಾಲುವೆಯಲ್ಲಿ ಬೋರಲು ಬಿದ್ದು ಸತ್ತ. ಅಲ್ಲಿ ನೀರು ಮೊಣಕಾಲುದ್ದವೂ ಇರಲಿಲ್ಲ. ಥೋರ್ಕಿಲ್ ಆಗ ಶಾಲೆಗೆ ಹೋಗುತ್ತಿದ್ದ. ಶಾಲೆಯ ಅಂಗಳದಲ್ಲಿ ಮಕ್ಕಳು ಅವನ ಹಿಂದೆ ತೂರಾಡುತ್ತ ನಡೆದು ಅಣಕಿಸುತ್ತಿದ್ದರಂತೆ. ಹದಿವಯಸ್ಸಿಗೆ ಬಂದ ಮಕ್ಕಳು ಚರ್ಚಿನಲ್ಲಿ ತಮ್ಮ ನಂಬಿಕೆಯನ್ನು ಸಾರುವ ದೃಢೀಕರಣ ಮುಗಿದ ವಾರವೇ ಅವನು ಯಾರನ್ನೂ ಕೇಳದೆ ಪಾನವಿರೋಧಿ ಸಂಘಕ್ಕೆ ನಡೆದು ಹೋಗಿ, ಪ್ರತಿಜ್ಞೆ ಮಾಡಿ, ನೀಲಿ ಪಟ್ಟಿ ತೊಟ್ಟುಕೊಂಡ. ಭುಜದಿಂದ ಸೊಂಟಕ್ಕೆ ಅಡ್ಡ ಬೀಳುವ ಪಟ್ಟಿ ಅದು. ಸಭೆಗೆ ಹೋಗುವಾಗ ಎಲ್ಲ ಸದಸ್ಯರೂ ಹಾಕಿಕೊಳ್ಳಬೇಕು.

ನಾನು ಅವನನ್ನು ಮೊದಲು ಕಂಡದ್ದೂ ಅಲ್ಲಿಯೇ, ಸಂಘದವರ ಕುಣಿತದ ಸಂಜೆ. ಅವನ ಪಟ್ಟಿಯ ಮೇಲೆ ಒಂದು ಸುಕ್ಕೂ ಇರಲಿಲ್ಲ. "ಇಸ್ತ್ರಿ ಯಾರು ಮಾಡ್ಕೊಟ್ರು?" ಎಂದು ಕೇಳಿದೆ.

"ನಾನೇ. ಬೇರೆಯವ್ರಿಗೆ ಕೊಟ್ರೆ ಎಲ್ಲಿ ಸುಟ್ಟುಬಿಡ್ತಾರೋ ಅಂತ ಭಯ" ಅಂದ.

ಇಂಥವನನ್ನು ಬಿಡಬಾರದೆಂದು ಅವತ್ತೇ ತೀರ್ಮಾನಿಸಿದೆ. ಮದುವೆಯಾದ ಮೇಲೆ ಗೊತ್ತಾಯಿತು, ಅವನಿಗೆ ಬದುಕಿನಲ್ಲಿ ಬೇಕಾಗಿದ್ದುದು ಒಂದೇ ಒಂದು. "ಅಪ್ಪನ ಹಾಗೇ ಆದ" ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ಮಿಕ್ಕಿದ್ದೆಲ್ಲ ಆಮೇಲೆ.

ಕಸುಬು ಪೇಂಟರನದು. ನಾನು ಹೇಳುತ್ತಿರುವ ವರ್ಷಗಳಲ್ಲಿ ಊರಿನ ಸುತ್ತ ಹೊಸ ಹೊಸ ಇಟ್ಟಿಗೆ ಮನೆಗಳು ಏಳುತ್ತಿದ್ದವು. ಎಲ್ಲರಿಗೂ ಮರದ ನೆಲ ಬೇಕು, ನೆಲಕ್ಕೆ ಮುಖ ಕಾಣುವಂಥ ವಾರ್ನಿಷ್ ಬೇಕು. ಚಳಿಗಾಲದಲ್ಲಿ ಕಿಟಕಿ ತೆಗೆದರೆ ವಾರ್ನಿಷ್ ಮಂಕಾಗುತ್ತದೆ, ಒಲೆಯ ಶಾಖ ಹೊರಗೆ ಹೋಗುತ್ತದೆ. ಅದಕ್ಕೇ ಸಂದುಗೊಂದಿಗೆಲ್ಲ ಕಾಗದ ತುರುಕಿ, ಒಳಗೆ ಮಂಡಿಯೂರಿ ಬಳಿಯಬೇಕು. ಸಂಜೆ ಮೊಣಕೈವರೆಗೂ ಬಣ್ಣ ಕರಗಿಸುವ ಥಿನ್ನರಿನಲ್ಲಿ ಕೈ ತೊಳೆಯಬೇಕು. ಇಷ್ಟೆಲ್ಲ ಮೈಗೇರಿದರೆ ಗತಿಯೇನು ಎಂದರೆ ಅದಕ್ಕೂ ನಮ್ಮವರ ಹತ್ತಿರ ಮದ್ದಿತ್ತು: ಹಾಲು! ಹಾಲು ಕುಡಿದರೆ ಬಣ್ಣದ ವಿಷವೆಲ್ಲ ಅದರಲ್ಲಿ ಸೇರಿ ಇಳಿದುಹೋಗುತ್ತದೆ ಎಂದು ಪೇಂಟರುಗಳಲ್ಲಿ ತಾತಂದಿರ ಕಾಲದಿಂದ ಬಂದ ನಂಬಿಕೆ. ಅವನ ಮೇಸ್ತ್ರಿ ದಿನಾ ಬೆಳಗ್ಗೆ ಹಾಲಿನ ಬಾಟಲಿಯನ್ನು ಕೈಗೆ ಕೊಡುತ್ತಿದ್ದ. ಕಿಟಕಿಯನ್ನು ಮಾತ್ರ ತೆಗೆಯಗೊಡುತ್ತಿರಲಿಲ್ಲ.

ಉಳಿದ ಪೇಂಟರುಗಳು ಹಾಲಿನ ಮೇಲೆ ಬಿಯರನ್ನೂ ಇಳಿಸುತ್ತಿದ್ದರು. ಮೆಟ್ಟಿಲ ಕೆಳಗೆ ಬಿಯರಿನ ಕ್ರೇಟು ಇಲ್ಲದೆ ನಮ್ಮಲ್ಲಿ ಒಂದು ಮನೆಯೂ ಎದ್ದಿಲ್ಲ. ಥೋರ್ಕಿಲ್ ಆ ಕ್ರೇಟಿನ ಪಕ್ಕದಲ್ಲೇ ಕೂತು ಹಾಲು, ಕಪ್ಪು ರೊಟ್ಟಿ ಮುಗಿಸಿ ಎದ್ದುಬರುತ್ತಿದ್ದ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡವೆನ್ನುತ್ತಾರೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಮೊದಲ ಸಲ ಆದದ್ದು ಊಟದ ಮೇಜಿನಲ್ಲಿ. ಹುರಿದ ಹಂದಿಮಾಂಸ, ಬೇಯಿಸಿದ ಆಲೂಗಡ್ಡೆ, ಅವನಿಗೆ ಪ್ರಾಣವಾದ ಊಟ. ಒಂದು ತುತ್ತು ಬಾಯಿಗಿಟ್ಟು ಮುಳ್ಳುಚಮಚ ಕೆಳಗಿಟ್ಟ.

"ಡಾಗ್ನಿ, ಇದ್ಯಾಕೆ ಮೊಳೆ ಕಚ್ಚಿದ ಹಾಗಿದೆ?"

"ಮೊಳೆ ಹುರಿಯೋಕೆ ನಂಗೇನು ಹುಚ್ಚಾ?" ಅಂದೆ.

"ಲೈಲಾಕ್ ಹೂವಿನ ವಾಸನೆ ಬರ್ತಿದೆಯಲ್ಲ, ಎಲ್ಲಿಂದ?"

ಲೈಲಾಕ್ ಅರಳುವುದು ಮೇ ತಿಂಗಳಲ್ಲಿ; ಹೊರಗೆ ಜನವರಿಯ ಹಿಮ ಕಿಟಕಿಯವರೆಗೂ ಬಿದ್ದಿತ್ತು. ತಮಾಷೆ ಮಾಡುತ್ತಿದ್ದಾನೆಂದು ನಕ್ಕುಬಿಟ್ಟೆ. ಅವನು ನಗಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತ, "ನೀನು ಆಗ್ಲೇ ನಕ್ಕೆ, ಅಲ್ವಾ? ಸದ್ದು ಈಗ ಬಂತು" ಅಂದ.

ಆಮೇಲೆ ಅದು ಬರುತ್ತಲೇ ಹೋಯಿತು. ಬಳಿಯುತ್ತಿದ್ದ ಹಾಗೇ ಗೋಡೆ ಹಿಂದೆ ಹಿಂದೆ ಸರಿದು ಅಂಗೈಯಷ್ಟಾಗುತ್ತಿತ್ತಂತೆ, ಬ್ರಷ್ ಚಾಚಿದರೂ ಮುಟ್ಟುತ್ತಿರಲಿಲ್ಲವಂತೆ. ರಸ್ತೆ ಹಾಸಿಗೆಯ ಹಾಗೆ ಮೆತ್ತಗಾಗುತ್ತಿತ್ತಂತೆ. "ಕೈ ನಂದೇ ಅನ್ಸೋದಿಲ್ಲ ಕಣೆ. ಯಾರದ್ದೋ ಕೈನ ಎರವಲು ತಂದು ಬಳೀತಿದ್ದೀನಿ ಅನ್ಸುತ್ತೆ" ಎನ್ನುತ್ತಿದ್ದ. ಒಮ್ಮೊಮ್ಮೆ ಬಾಗಿಲಲ್ಲಿ ನಿಂತು ಕಾರಣವಿಲ್ಲದೆ ನಗುತ್ತಿದ್ದ, ಬೂಟು ಬಿಚ್ಚುವಷ್ಟರಲ್ಲಿ ಅಳುತ್ತಿದ್ದ. ಬೆಳಗಾದರೆ ತಲೆನೋವು, ಮಂಕು, ಮತ್ತೆ ಕೆಲಸ.

ಇಲ್ಲಿಯೇ ನನ್ನ ಹೊಟ್ಟೆ ಉರಿಯುವುದು. ಒಂದೇ ಒಂದು ದಿನ ಕುಡಿದವನು ಯಾರೇ ಆಗಲಿ, ಇದೇನೆಂದು ತಕ್ಷಣ ಹೇಳಿಬಿಡುತ್ತಿದ್ದ. ಇದು ಅಮಲು. ಆದರೆ ಅಮಲು ಹೇಗಿರುತ್ತದೆ ಎಂಬುದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾವಿಬ್ಬರೂ ಹದಿವಯಸ್ಸಿನಲ್ಲೇ ಪ್ರತಿಜ್ಞೆ ಮಾಡಿದವರು. ಊರಿನಲ್ಲಿ ಎಲ್ಲರಿಗೂ ನೋಡಿದ ಕೂಡಲೇ ತಿಳಿದದ್ದು ನಮ್ಮ ಮನೆಯೊಳಗೆ ಮಾತ್ರ ತಿಳಿಯಲಿಲ್ಲ. ನಾವು ಅದನ್ನು ಕಾಯಿಲೆ ಎಂದುಕೊಂಡೆವು, ಹುಚ್ಚು ಹಿಡಿಯುತ್ತಿದೆ ಎಂದುಕೊಂಡೆವು, ಮುಚ್ಚಿಟ್ಟೆವು. ಮುಚ್ಚಿಟ್ಟದ್ದನ್ನು ಕಂಡು ಜನ ಇನ್ನಷ್ಟು ನಂಬಿದರು.

ಕಾರಣ ಹೇಳುವವರಿಗೆ ಕೊರತೆಯೇ ಇರಲಿಲ್ಲ. ನನ್ನ ತಾಯಿ, "ರಕ್ತ ಕಮ್ಮಿ, ಕುರಿ ಈಲಿ ತಿನ್ನಿಸು" ಅಂದಳು. ಪಾದ್ರಿ, ಮನಸ್ಸಿನಲ್ಲಿ ಹೇಳದ ಪಾಪವೇನಾದರೂ ಇದೆಯೇ ಎಂದು ಕೇಳಿದ. ಪಕ್ಕದ ಮನೆಯವಳು ನಮ್ಮ ಬಾವಿಯ ನೀರನ್ನು ದೂರಿದಳು. ಅದೇ ನೀರು ಕುಡಿದು ನಾನು ಗಟ್ಟಿಮುಟ್ಟಾಗಿದ್ದೇನಲ್ಲ ಎಂದರೆ, "ನಿನ್ನದು ಬೇರೆ ಮೈ ಬಿಡು" ಅಂದಳು. ಕೊನೆಗೆ ಡಾಕ್ಟರ ಹತ್ತಿರ ಹೋದೆವು. ಅವರು ಥೋರ್ಕಿಲ್‌ನ ಕಣ್ಣಿಗೆ ದೀಪ ಹಿಡಿದರು, ಮಂಡಿಗೆ ತಟ್ಟಿದರು.

"ದಿನಕ್ಕೆ ಎಷ್ಟು ಬಿಯರು?"

"ಕುಡಿಯೋದಿಲ್ಲ ಡಾಕ್ಟ್ರೇ."

"ಪೇಂಟರುಗಳೆಲ್ಲ ಹೀಗೇ ಹೇಳೋದು. ನಾಚ್ಕೋಬೇಡಿ, ಹೇಳಿ."

"ಅವ್ರು ಪ್ರತಿಜ್ಞೆ ಮಾಡಿದವ್ರು" ಎಂದು ನಾನು ನಡುವೆ ಬಾಯಿ ಹಾಕಿದೆ.

ಡಾಕ್ಟರು ನನ್ನ ಕಡೆ ನೋಡಿ ಮುಗುಳ್ನಕ್ಕರು. "ಅಮ್ಮಾ, ಹೆಂಡ್ತಿಗೆ ಎಲ್ಲಾನೂ ಗೊತ್ತಿರಲ್ಲ."

ಕೈಗೆ ಸಿಕ್ಕಿದ್ದನ್ನು ಎತ್ತಿ ಆ ಮುಗುಳ್ನಗೆಯ ಮೇಲೆ ಎಸೆಯಬೇಕೆನ್ನಿಸಿತು. ನರದ ಮಾತ್ರೆ ಬರೆದುಕೊಟ್ಟರು. ನಮ್ಮನ್ನು ಕಳಿಸಿದ ಮೇಲೆ ಯಾರ ಮುಂದೆ ಏನೆಂದರೋ ಗೊತ್ತಿಲ್ಲ, ಆ ವಾರದಿಂದ ಅಂಗಡಿಯಲ್ಲಿ ನಾನು ಬಾಟಲಿ ಏನಾದರೂ ಕೊಳ್ಳುತ್ತೇನೋ ಎಂದು ಹೆಂಗಸರು ನನ್ನ ಚೀಲದೊಳಗೆ ಇಣುಕತೊಡಗಿದರು.

ಜುಲೈನಲ್ಲಿ ಡೆನ್ಮಾರ್ಕಿನ ಕೆಲಸಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ, ಎಲ್ಲರಿಗೂ ರಜೆ. ನಾವು ಸೈಕಲ್ ತುಳಿದುಕೊಂಡು ಪಶ್ಚಿಮದ ಕಡಲ ತೀರಕ್ಕೆ ಹೋಗಿ ನನ್ನ ಅಣ್ಣನ ಮರದ ಗುಡಿಸಲಿನಲ್ಲಿ ಇದ್ದೆವು. ಎರಡನೇ ವಾರಕ್ಕೆ ಥೋರ್ಕಿಲ್ ಹಳೆಯ ಥೋರ್ಕಿಲ್ ಆಗಿಬಿಟ್ಟ. ಮೀನು ಮೀನಿನ ರುಚಿ ಕೊಟ್ಟಿತು, ನನ್ನ ನಗು ನಕ್ಕಾಗಲೇ ಕೇಳಿಸಿತು. "ಹೋಯ್ತು ಡಾಗ್ನಿ, ಹೋಗೇ ಬಿಡ್ತು!" ಎಂದು ಮರಳಿನ ಮೇಲೆ ಮಗುವಿನ ಹಾಗೆ ಓಡಿದ. ಊರಿಗೆ ಬಂದು ಕೆಲಸಕ್ಕೆ ಹೋದ ಮೂರನೆಯ ದಿನವೇ ಗೋಡೆ ಮತ್ತೆ ಹಿಂದಕ್ಕೆ ಹೋಗತೊಡಗಿತು.

ಆಗ ನನಗೆ ಹೊಳೆಯಿತು, ಇದು ಕೆಲಸದ್ದೇ ಕಿತಾಪತಿ ಎಂದು. ಡಾಕ್ಟರಿಗೆ ಹೇಳಿದರೆ, "ರಜೆಯಲ್ಲಿ ಎಲ್ರೂ ಚೆನ್ನಾಗೇ ಇರ್ತಾರೆ. ಅದಕ್ಕೇ ನರ ಅಂದದ್ದು" ಅಂದರು. ಮೇಸ್ತ್ರಿಯ ಹತ್ತಿರ ನಾನೇ ಹೋದೆ.

"ಒಂದು ಕಿಟಕಿನಾದ್ರೂ ತೆಗೀರಿ ಮೇಸ್ತ್ರಿ, ನಿಮ್ಮ ವಾರ್ನಿಷ್ ವಾಸನೆ ಅವನ ತಲೆಗೇರ್ತಿದೆ."

"ವಾಸನೆಗೆ ಯಾರಾದ್ರೂ ಸಾಯ್ತಾರಾ ಡಾಗ್ನಿ? ನಲವತ್ತು ವರ್ಷದಿಂದ ನಾನೂ ಕುಡ್ದಿದ್ದೀನಿ ಈ ವಾಸ್ನೇನ. ನಾಳೆಯಿಂದ ಇನ್ನೊಂದು ಬಾಟ್ಲಿ ಹಾಲು ಕೊಡ್ತೀನಿ, ಆಯ್ತಾ?"

ಹೇಳುತ್ತ ಹೇಳುತ್ತಲೇ ಆ ಮನುಷ್ಯ ಹಿಡಿದಿದ್ದ ಬೀಗದ ಕೈ ಎರಡು ಸಲ ಜಾರಿ ಕೆಳಗೆ ಬಿತ್ತು. ಅವನ ಕೈಗಳೂ ನಡುಗುತ್ತಿದ್ದವು. ಅದು ವಯಸ್ಸಿನಿಂದ ಎಂದುಕೊಂಡಿದ್ದ ಅವನು.

ಮುಂದಿನ ಚಳಿಗಾಲದಲ್ಲಿ ಆಗಬಾರದ್ದು ಆಯಿತು. ಸಂತೆಯ ದಿನ, ಮಟಮಟ ಮಧ್ಯಾಹ್ನ, ಥೋರ್ಕಿಲ್ ಕೆಲಸದಿಂದ ಸೈಕಲ್ ಮೇಲೆ ಬರುತ್ತಿದ್ದವನು ಬೇಕರಿಯ ಎದುರಿಗೆ ಬಿದ್ದ. ಬಿದ್ದವನು ಏಳಲಿಲ್ಲ, ಕೂತಲ್ಲೇ ನಗತೊಡಗಿದ. ಬೇಕರಿಯ ಯಜಮಾನ ಕ್ರೆಸ್ಟೆನ್, ನಮ್ಮ ಪಾನವಿರೋಧಿ ಸಂಘದ ಅಧ್ಯಕ್ಷ. ಊರಿಗೆಲ್ಲ ಬ್ರೆಡ್ಡು ಮಾಡುವವನು, ಊರಿಗೆಲ್ಲ ಬುದ್ಧಿ ಹೇಳುವವನು. ಅಂಗಡಿಯಿಂದ ಹೊರಬಂದು, ನೆರೆದ ಜನರ ಮುಂದೆ ಬಗ್ಗಿ ಥೋರ್ಕಿಲ್‌ನ ಬಾಯಿಯನ್ನು ಮೂಸಿ ನೋಡಿದನಂತೆ. "ಸಾರಾಯಿ" ಎಂದನಂತೆ. ಥಿನ್ನರಿನ ನಾತ ಯಾವುದು, ಸ್ನಾಪ್ಸ್ ಸಾರಾಯಿಯ ನಾತ ಯಾವುದು ಎಂದು ಜನ್ಮದಲ್ಲಿ ಕುಡಿಯದ ಆ ಮೂಗಿಗೆ ಏನು ಗೊತ್ತು? ಆದರೂ ತೀರ್ಪು ಕೊಟ್ಟಿತು.

ಜನರ ನಡುವಿನಿಂದ ಯಾರೋ, "ಬೀಜದಂತೆ ವೃಕ್ಷ" ಅಂದರು. ಆ ಮಾತು ಥೋರ್ಕಿಲ್‌ನ ಕಿವಿಗೆ ಬಿತ್ತು. ಅವನ ನಗು ಅಲ್ಲೇ ನಿಂತಿತು. ಮನೆಗೆ ಬಂದು ಕೋಟು ಬಿಚ್ಚದೆ ಗೋಡೆಯ ಕಡೆ ಮುಖ ಮಾಡಿ ಕೂತವನನ್ನು ಊಟಕ್ಕೆಬ್ಬಿಸಲು ನನ್ನಿಂದಾಗಲಿಲ್ಲ.

ಸಂಘಕ್ಕೆ ಆಗ ಐವತ್ತು ತುಂಬುತ್ತಿತ್ತು. ಭಾನುವಾರ ಸಮಾರಂಭ, ಬೇರೆ ಊರಿನ ಸಂಘದವರೆಲ್ಲ ಬರುವವರು. ಅದಕ್ಕೆ ಮೊದಲು ಮನೆ ಗುಡಿಸಬೇಕು ಎಂದು ಕ್ರೆಸ್ಟೆನ್ ಗುರುವಾರ ಸಂಜೆ ವಿಚಾರಣೆಗೆ ಸಭೆ ಕರೆದ. ಈಗ ಕೇಳಿ. ಸಮಾರಂಭಕ್ಕಾಗಿ ಸಂಘದ ಸಭಾಂಗಣದ ನೆಲಕ್ಕೆ ಹೊಸ ವಾರ್ನಿಷ್ ಬಳಿದುಕೊಡುತ್ತೇನೆ, ಕೂಲಿ ಬೇಡ ಎಂದು ಥೋರ್ಕಿಲ್ ಮೊದಲೇ ಒಪ್ಪಿಕೊಂಡಿದ್ದ. ಸೈಕಲ್ಲಿನಿಂದ ಬಿದ್ದ ಮೇಲೆ, "ಮುಖಕ್ಕೆ ಉಗಿದವ್ರ ನೆಲ ಬಳೀಬೇಡ" ಎಂದು ನಾನು ಜಗಳವಾಡಿದೆ.

"ಒಪ್ಕೊಂಡಿದ್ದೀನಲ್ಲ" ಎಂದ, ಹೋದ. ಮಂಗಳವಾರ ಒಂದು ಸಲ, ಬುಧವಾರ ಇನ್ನೊಂದು ಸಲ, ತನ್ನನ್ನು ಕೂರಿಸಿ ಛೀಮಾರಿ ಹಾಕಲಿರುವ ಜಾಗವನ್ನು ತಾನೇ ಮಂಡಿಯೂರಿ ಹೊಳೆಯಿಸಿ ಬಂದ.

ಗುರುವಾರ ಬೆಳಗ್ಗೆ ಅವನು ಕ್ರೆಸ್ಟೆನ್‌ನ ಬೇಕರಿಗೆ ಹೋಗಿ, "ನೆಲ ಇನ್ನೂ ಒಣಗಿಲ್ಲ ಕ್ರೆಸ್ಟೆನ್ ಅಣ್ಣ, ಸಭೆ ಬೇರೆ ಕಡೆ ಇಟ್ಕೊಳ್ಳಿ" ಎಂದು ಹೇಳಿದ. ನಮ್ಮ ಸಂಘದಲ್ಲಿ ಎಲ್ಲರೂ ಅಣ್ಣ ಅಕ್ಕಂದಿರೇ, ಹೊರಗೆ ದಬ್ಬುವಾಗಲೂ.

"ಯಾಕಪ್ಪಾ, ದಿನ ತಳ್ಳೋ ಉಪಾಯಾನಾ?" ಅಂದ ಕ್ರೆಸ್ಟೆನ್.

ಸಂಜೆ ಎಲ್ಲರೂ ಬಂದರು. ಹೊಸ ನೆಲ ಕೆಡಬಾರದೆಂದು ಬೂಟುಗಳನ್ನು ಬಾಗಿಲಲ್ಲಿ ಬಿಚ್ಚಿಸಿದರು. ಎದೆಯ ಮೇಲೆ ನೀಲಿ ಪಟ್ಟಿ, ಕಾಲಲ್ಲಿ ಬರೀ ಕಾಲುಚೀಲ. ಅಧ್ಯಕ್ಷರ ಎಡಗಾಲಿನ ಹೆಬ್ಬೆರಳು ಚೀಲದ ತೂತಿನಿಂದ ಹೊರಗೆ ಬಂದು ಸಭೆಯನ್ನು ನೋಡುತ್ತಿತ್ತು. ಹೊರಗೆ ಕೊರೆಯುವ ಚಳಿ. ಕಬ್ಬಿಣದ ಒಲೆಗೆ ಕಟ್ಟಿಗೆ ತುಂಬಿ, ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದ್ದರು. ನಮ್ಮಲ್ಲಿ ಕಾಫಿ ಇಲ್ಲದೆ ಯಾವ ಸಭೆಯೂ ಇಲ್ಲ, ಮನುಷ್ಯನೊಬ್ಬನನ್ನು ಹೊರಹಾಕುವುದಾದರೂ ಕಾಫಿ ಕುಡಿದೇ ಹಾಕಬೇಕು. ಆ ತಿಂಗಳ ಕಾಫಿಯ ಸರದಿ ನನ್ನದು. ಬೇರೆ ಯಾರಾದರೂ ಮಾಡುತ್ತಾರೆ ಬಿಡು ಎಂದು ಕ್ರೆಸ್ಟೆನ್‌ನ ಹೆಂಡತಿ ಆಸ್ತಾ ಹೇಳಿದಳು. "ನನ್ನ ಸರದಿ ನಾನೇ ಮಾಡ್ತೀನಿ, ತಲೆ ತಗ್ಗಿಸೋ ಕೆಲ್ಸ ನಾವೇನೂ ಮಾಡಿಲ್ಲ" ಎಂದೆ. ಪಾತ್ರೆಯಲ್ಲಿ ಕಾಫಿ ಕೊಟ್ಟು, ಪಕ್ಕದ ಅಡುಗೆಮನೆಗೆ ಬಂದು, ಆವಿಗೆಂದು ಅಲ್ಲಿಯ ಕಿಟಕಿ ತೆಗೆದು, ಬಾಗಿಲ ಸಂದಿಯಲ್ಲಿ ಕಣ್ಣು ಕಿವಿ ಎರಡನ್ನೂ ಇಟ್ಟು ನಿಂತೆ.

ಮೊದಲು ಸಂಘದ ಹಾಡು. ಆಮೇಲೆ ಕ್ರೆಸ್ಟೆನ್‌ನ ಭಾಷಣ: ಅಪ್ಪನ ಹಾದಿ, ಹುಟ್ಟುಗುಣ, ಕುರಿಗಳ ಹಿಂಡಿನಲ್ಲಿ ರೋಗದ ಕುರಿ. ಥೋರ್ಕಿಲ್ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದ. ಭಾಷಣ ಉದ್ದವಾಯಿತು, ಕಾಫಿ ಎರಡನೆಯ ಸುತ್ತು ಹೋಯಿತು. ಆಗ ಖಜಾಂಚಿ ಕಿಸಕ್ಕನೆ ನಕ್ಕ. ಕ್ರೆಸ್ಟೆನ್ ಹೇಳಿದ ಮಾತನ್ನೇ ಮತ್ತೆ ಹೇಳಿದ, ನಡುವೆ ನಿಂತ, ಮೇಜನ್ನು ಹಿಡಿದುಕೊಂಡ. ಆಸ್ತಾ ತಲೆಯೆತ್ತಿ, "ಅಯ್ಯೋ, ದೀಪ ಎಷ್ಟು ಚೆಂದ! ಎರಡಿದೆಯಲ್ಲ!" ಎಂದು ಅಳತೊಡಗಿದಳು. ಮುಂದಿನ ಸಾಲಿನ ಹೆಂಗಸೊಬ್ಬಳು ತನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಹಿಂದಿನ ಸಾಲಿನಲ್ಲಿ ಯೆಪ್ಪೆ ಎಂಬ ಮುದುಕನಿದ್ದ. ಹಡಗಿನಲ್ಲಿ ಕೆಲಸ ಮಾಡಿದವನು, ಒಂದು ಕಾಲದಲ್ಲಿ ಹೊಳೆಗಟ್ಟಲೆ ಕುಡಿದು ಬಿಟ್ಟವನು. ಅವನು ಎದ್ದು ನಿಂತು ಘಂಟಾಘೋಷವಾಗಿ ಹೇಳಿದ: "ಅಣ್ಣಂದಿರಾ, ಅಕ್ಕಂದಿರಾ, ನಂಗೆ ಅಮಲೇರಿದೆ. ಬಿಟ್ಟು ಮೂವತ್ತು ವರ್ಷ ಆಯ್ತು, ಆದ್ರೂ ಇದನ್ನ ಮರೆಯೋಕಾಗುತ್ತಾ? ಇದು ಅದೇ."

ಥೋರ್ಕಿಲ್ ಥಟ್ಟನೆ ಎದ್ದ. ಅವನ ಮುಖದಲ್ಲಿ ಅವತ್ತು ಕಂಡ ಸಂತೋಷವನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

"ಇದೇ! ನಂಗಾಗೋದು ಇದೇ! ಗೋಡೆ ದೂರ ಹೋಗ್ತಿದೆ ಅಲ್ವಾ? ನಿಮಗೂ ಹೋಗ್ತಿದೆ ಅಲ್ವಾ? ಆಸ್ತಾ ಅಕ್ಕ, ಬಾಯಲ್ಲಿ ಕಬ್ಬಿಣದ ರುಚಿ ಬಂತಾ? ಡಾಗ್ನಿ, ಬಾ, ನೋಡು, ಇವ್ರಿಗೂ ಆಗ್ತಿದೆ!" ಎಂದು ಒಬ್ಬೊಬ್ಬರ ಹತ್ತಿರವೂ ಓಡಿ ಕೇಳಿದ. ಪಾಪ, ಇನ್ನೇನು ಎಲ್ಲರಿಗೂ ಅರ್ಥವಾಯಿತು ಎಂದುಕೊಂಡ. ತಾನು ಗೆದ್ದೆ ಎಂದುಕೊಂಡ.

ಅವರು ಅವನನ್ನು ನೋಡಲಿಲ್ಲ. ಎಲ್ಲರ ಕಣ್ಣೂ ಕಾಫಿಯ ಪಾತ್ರೆಯ ಮೇಲಿತ್ತು. ಆಮೇಲೆ ನನ್ನ ಮೇಲೆ.

"ಏನು ಬೆರೆಸ್ದೆ ಡಾಗ್ನಿ?" ಎಂದು ಕ್ರೆಸ್ಟೆನ್ ಕೇಳಿದ.

ನುಗ್ಗಿ ಹೋಗಿ ಕಿಟಕಿಗಳನ್ನೆಲ್ಲ ಧಡಾರೆಂದು ತೆಗೆದೆ. ಹಿಮಗಾಳಿ ಒಳಗೆ ಬಂತು. ಕೋಟು ಹೊದ್ದು ಕೂತವರಿಗೆ ಸ್ವಲ್ಪ ಹೊತ್ತಿಗೆ ನಗು ಇಳಿಯಿತು, ಅಳು ಇಳಿಯಿತು, ದೀಪ ಒಂದೇ ಆಯಿತು.

"ಈಗ ಹೇಗೆ ಇಳೀತು?" ಎಂದು ಕೂಗಿದೆ. "ಕಿಟಕಿ ತೆಗೆದ್ರೆ ಹೊಟ್ಟೇಲಿರೋ ಕಾಫಿ ಹಾರಿ ಹೋಗುತ್ತಾ? ನೀವು ಕೂತಿರೋ ನೆಲ ಕಣ್ರೀ ಇದು! ಎರಡು ಸಲ ವಾರ್ನಿಷ್ ಬಳಿದಿರೋ ನೆಲ! ಒಂದು ಸಂಜೆ ಮೂಸಿದ್ದಕ್ಕೆ ನಿಮಗಿಷ್ಟಾಯ್ತು, ಇವನು ವರ್ಷಗಟ್ಟಲೆ ದಿನಾ ಮೂಸ್ತಿದ್ದಾನೆ!"

ಯೆಪ್ಪೆಯೂ ಹೇಳಿದ. "ಕಾಫೀಲಿ ಸಾರಾಯಿ ಇದ್ದಿದ್ರೆ ನನ್ನ ನಾಲ್ಗೆಗೆ ಮೊದ್ಲು ಗೊತ್ತಾಗ್ತಿತ್ತು ಕ್ರೆಸ್ಟೆನ್ ಅಣ್ಣ. ಇರ್ಲಿಲ್ಲ."

"ನಿನ್ನ ನಾಲ್ಗೆಯ ಸಾಕ್ಷಿ ನಮಗೆ ಬೇಡ" ಅಂದ ಕ್ರೆಸ್ಟೆನ್.

"ಹಾಗಾದ್ರೆ ಉಳಿದ ಕಾಫೀನ ಬೀಗ ಹಾಕಿಡಿ, ಯಾರಿಗಾದ್ರೂ ಕೊಟ್ಟು ಪರೀಕ್ಷೆ ಮಾಡ್ಸಿ" ಎಂದು ಪಾತ್ರೆಗೆ ಕೈ ಹಾಕಿದೆ. ಪಾತ್ರೆ ಖಾಲಿ. ಇನ್ನೊಬ್ಬರು ಕುಡಿದು ಪಾಪಕ್ಕೆ ಬೀಳಬಾರದೆಂದು ಆಸ್ತಾ ಅದನ್ನು ಆಗಲೇ ಕಿಟಕಿಯಿಂದ ಹಿಮಕ್ಕೆ ಚೆಲ್ಲಿದ್ದಳು.

ಅವರಿಗೆ ಅರ್ಥವಾಗಲಿಲ್ಲವೆಂದು ನೀವು ತಿಳಿಯಬೇಡಿ. ನೆಲದಿಂದ ಅಮಲು ಬಂತೆಂದು ಒಪ್ಪಿಕೊಂಡರೆ ಥೋರ್ಕಿಲ್‌ನ ಕಾಲಿಗೆ ಬೀಳಬೇಕಾಗುತ್ತದೆ. ಕಾಫಿಯಿಂದ ಬಂತು ಎಂದರೆ ಅವರೆಲ್ಲ ಮೋಸಹೋದ ಸಾಧುಗಳು, ನಾವಿಬ್ಬರು ಪಾಪಿಗಳು. ಯಾವುದು ಸುಲಭ, ನೀವೇ ಹೇಳಿ. ತಲೆ ಹಿಡಿದುಕೊಂಡೇ ಸಾಲಾಗಿ ಬಂದು ಮತದ ಪೆಟ್ಟಿಗೆಯ ತೂತಿನೊಳಗೆ ಗೋಲಿ ಹಾಕಿದರು. ಬಿಳಿಯದಾದರೆ ಇರಲಿ, ಕಪ್ಪಾದರೆ ಹೋಗಲಿ. ನಮ್ಮಿಬ್ಬರಿಗೆ ಮಾತ್ರ ಮತವಿರಲಿಲ್ಲ. ಪೆಟ್ಟಿಗೆ ತೆರೆದಾಗ ಒಂದು ಬಿಳಿ, ಉಳಿದದ್ದೆಲ್ಲ ಕಪ್ಪು. ಆ ಬಿಳಿಯದು ಯೆಪ್ಪೆಯದು. ಥೋರ್ಕಿಲ್ ಪಟ್ಟಿಯನ್ನು ತೆಗೆದು, ನಾಲ್ಕಾಗಿ ಮಡಿಸಿ, ಮೇಜಿನ ಮೇಲಿಟ್ಟ. ನಾನು ನನ್ನದನ್ನು ಕಿತ್ತು ಕ್ರೆಸ್ಟೆನ್‌ನ ಮುಖಕ್ಕೆ ಎಸೆದೆ. ಗುರಿ ತಪ್ಪಿತು, ಅದೊಂದು ಈಗಲೂ ಬೇಜಾರು.

ಭಾನುವಾರ ಸಮಾರಂಭದ ಹೊತ್ತಿಗೆ ನಾನು ಬೇಕೆಂದೇ ಸಭಾಂಗಣದ ಎದುರಿನ ರಸ್ತೆಯಲ್ಲಿ ಹೋದೆ. ಗುರುವಾರಕ್ಕಿಂತ ಹೆಚ್ಚು ಚಳಿ. ಆದರೆ ಆ ಕಟ್ಟಡದ ಒಂದೊಂದು ಕಿಟಕಿಯೂ ಹಾರುಹೊಡೆದಿತ್ತು, ಪರದೆಗಳು ಹೊರಗೆ ಬಡಿದುಕೊಳ್ಳುತ್ತಿದ್ದವು. ಒಳಗೆ ಅತಿಥಿಗಳೆಲ್ಲ ಕೋಟು ಟೋಪಿ ಹಾಕಿಕೊಂಡೇ ಹಾಡುತ್ತಿದ್ದರು. ಬಾಗಿಲಲ್ಲಿ ನಿಂತಿದ್ದವನನ್ನು, "ಯಾರಪ್ಪಾ ಕಿಟಕಿ ತೆಗೆಸಿದ್ದು?" ಎಂದು ಕೇಳಿದೆ. "ಅಧ್ಯಕ್ಷರು. ಒಂದನ್ನೂ ಮುಚ್ಚಬೇಡಿ ಅಂದಿದ್ದಾರೆ" ಅಂದ. ಗೊತ್ತಿತ್ತು ಆ ಬೇಕರಿಯವನಿಗೆ! ಗೊತ್ತಿದ್ದೇ ಹಾಕಿದ ಕಪ್ಪು ಗೋಲಿ ಅದು.

ಆಮೇಲೆ ಊರಿನಲ್ಲಿ ಅವನು ಕುಡುಕ ಥೋರ್ಕಿಲ್ ಆದ. ಜೊತೆಯ ಪೇಂಟರುಗಳು, "ಈಗ ನೀನೂ ನಮ್ಮವನಾದೆ ಬಿಡಪ್ಪಾ" ಎಂದು ಪ್ರೀತಿಯಿಂದಲೇ ಬಾಟಲಿ ಚಾಚಿದರು. ಮುಟ್ಟಲಿಲ್ಲ. ಪಟ್ಟಿಯಿಲ್ಲದೆಯೂ ಪ್ರತಿಜ್ಞೆಯನ್ನು ಉಳಿಸಿಕೊಂಡ. ಬೇರೆ ಕಸುಬು ಗೊತ್ತಿಲ್ಲ; ಕುಡುಕನೆಂದು ಹೆಸರಾದವನನ್ನು ಬೇರೆ ಕಡೆ ಕರೆಯುವವರೂ ಇಲ್ಲ. ಅದೇ ಮುಚ್ಚಿದ ಕಿಟಕಿಗಳ ಒಳಗೆ ಇನ್ನೂ ಎಷ್ಟೋ ಚಳಿಗಾಲ ಬಳಿದ. ಬರಬರುತ್ತ ಜುಲೈ ರಜೆಯಲ್ಲೂ ಅದು ಬಿಡಲಿಲ್ಲ. ಮಾತು ಮರೆಯತೊಡಗಿದ, ದಾರಿ ಮರೆಯತೊಡಗಿದ. ಒಂದು ದಿನ ಡಬ್ಬಿಯ ಮುಂದೆ ಬ್ರಷ್ ಹಿಡಿದು ನಿಂತು, ಇದರಲ್ಲಿ ಏನು ಮಾಡುವುದು ಎಂದು ಮೇಸ್ತ್ರಿಯನ್ನು ಕೇಳಿದನಂತೆ. ಅವತ್ತಿಗೆ ಕೆಲಸ ಮುಗಿಯಿತು.

ಅಷ್ಟು ಹೊತ್ತಿಗೆ ಪೇಂಟರುಗಳ ಒಕ್ಕೂಟದವರು ಗಲಾಟೆಯೆಬ್ಬಿಸಿದ್ದರು. ಊರೂರಿನಲ್ಲೂ ಇಂಥ ಥೋರ್ಕಿಲ್‌ಗಳಿದ್ದರು. ನಮ್ಮನ್ನು ಪಟ್ಟಣದ ಆಸ್ಪತ್ರೆಗೆ ಕರೆಸಿದರು. ಅಲ್ಲಿದ್ದವಳು ಚಿಕ್ಕ ವಯಸ್ಸಿನ ಡಾಕ್ಟರು. ಬಿಯರಿನ ವಿಷಯ ಎತ್ತಲೇ ಇಲ್ಲ. "ಕೆಲ್ಸ ಮಾಡುವಾಗ ಕಿಟಕಿ ತೆಗೀತಿದ್ರಾ?" ಎಂದು ಕೇಳಿದಳು. ಮೊದಲ ಪ್ರಶ್ನೆಯೇ ಅದು. ಆ ಒಂದು ಪ್ರಶ್ನೆಯನ್ನು ಕೇಳಲು ಇಡೀ ದೇಶದಲ್ಲಿ ಇಷ್ಟು ವರ್ಷ ಒಬ್ಬ ಗಂಡಸಿಗೂ ಬಾಯಿರಲಿಲ್ಲವೇ ಎಂದು ಆ ಹುಡುಗಿಯ ಮೇಲೆಯೇ ಕೂಗಾಡಿಬಿಟ್ಟೆ. ವಾರ್ನಿಷ್, ಥಿನ್ನರುಗಳ ಆವಿ ಮೆದುಳನ್ನು ತಿಂದಿದೆ, ತಿಂದದ್ದು ಮರಳಿ ಬರುವುದಿಲ್ಲ ಎಂದು ಆಮೇಲೆ ಹೇಳಿದಳು. ಪತ್ರಿಕೆಗಳಲ್ಲಿ ಬಂತು, ಟಿ.ವಿ.ಯಲ್ಲಿ ಬಂತು.

ಟಿ.ವಿ.ಯಲ್ಲಿ ಬಂದ ಮೇಲೆ ಕ್ರೆಸ್ಟೆನ್‌ನೂ ಬಂದ. ಕೈಯಲ್ಲಿ ಕೇಕು, ಕಾಗದದಲ್ಲಿ ಸುತ್ತಿದ ನೀಲಿ ಪಟ್ಟಿ. ತಲೆ ಬೆಳ್ಳಗಾಗಿತ್ತು. ಬಾಗಿಲಲ್ಲೇ ನಿಲ್ಲಿಸಿ ಕಳಿಸೋಣವೆಂದುಕೊಂಡೆ. ಆದರೆ ಎಷ್ಟೋ ವರ್ಷಗಳಿಂದ ಕಾದಿದ್ದ ಮಾತು ಅವನ ಬಾಯಿಂದ ಬೀಳುವುದನ್ನು ಥೋರ್ಕಿಲ್ ತನ್ನ ಕಿವಿಯಾರೆ ಕೇಳಲಿ ಎಂದು ಒಳಗೆ ಬಿಟ್ಟೆ. ಇದೊಂದಕ್ಕಾಗಿ ಕ್ರೆಸ್ಟೆನ್‌ನಿಗೆ ಕಾಫಿಯನ್ನೂ ಕೊಡಲು ತಯಾರಿದ್ದೆ.

ಥೋರ್ಕಿಲ್ ಕಿಟಕಿಯ ಬಳಿ ಕೂತಿದ್ದ. ಕ್ರೆಸ್ಟೆನ್ ಬಾಯಿ ತೆರೆಯುವ ಮೊದಲೇ ಥೋರ್ಕಿಲ್ ಎದ್ದು ನಿಂತು ಅವನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು.

"ಕ್ರೆಸ್ಟೆನ್ ಅಣ್ಣ, ಕ್ಷಮಿಸ್ಬಿಡು. ಕುಡೀಬಾರ್ದಿತ್ತು ನಾನು. ಅಪ್ಪನ ಹಾಗೇ ಆಗ್ಬಿಟ್ಟೆ."

ಹಿಮ, ಸಭೆ, ನೆಲ, ಯೆಪ್ಪೆಯ ಮಾತು, ನನ್ನ ಕೂಗಾಟ, ಎಲ್ಲ ಅವನ ತಲೆಯಿಂದ ಅಳಿಸಿಹೋಗಿತ್ತು. ಊರು ಇಷ್ಟು ವರ್ಷ ಹೇಳಿದ್ದೊಂದೇ ಉಳಿದಿತ್ತು.

ನಾನು ಕ್ರೆಸ್ಟೆನ್‌ನ ಮುಖವನ್ನೇ ನೋಡಿದೆ. ಈಗ ಹೇಳು ಮಾರಾಯ, ಈಗಲಾದರೂ ಹೇಳು. ಅವನು ಕೆಮ್ಮಿದ. ಥೋರ್ಕಿಲ್‌ನ ಭುಜ ತಟ್ಟಿದ.

"ಆಗ್ಲಿ ಬಿಡು ಥೋರ್ಕಿಲ್ ಅಣ್ಣ. ನಾನು ಯಾವಾಗ್ಲೋ ಕ್ಷಮಿಸಿದ್ದೀನಿ" ಅಂದ.

ಕ್ಷಮಿಸಿದನಂತೆ! ಕೇಕು, ಪಟ್ಟಿ, ಟೋಪಿ, ಎಲ್ಲವನ್ನೂ ಅವನ ಜೊತೆಯಲ್ಲೇ ಮೆಟ್ಟಿಲ ಕೆಳಗೆ ತಳ್ಳಿದೆ. ಈ ಸಲ ಗುರಿ ತಪ್ಪಲಿಲ್ಲ. ಊರಿನಲ್ಲಿ ಈಗ ನನಗೂ ಒಂದು ಹೆಸರಿದೆ: ಬಜಾರಿ. ಇರಲಿ, ಅದು ನಿಜವಾದ ಹೆಸರು.

ಈಗ ದಿನಾ ಬೆಳಗ್ಗೆ ಗಂಜಿ ತಿನ್ನಿಸುವಾಗ ಅವನ ಮುಂದೆ ಕೂತು ಹೇಳುತ್ತೇನೆ: "ನೀನು ಕುಡಿದವನಲ್ಲ ಥೋರ್ಕಿಲ್. ಒಂದು ತೊಟ್ಟೂ ಕುಡಿದವನಲ್ಲ. ಅದು ವಾರ್ನಿಷ್ ಕಣೋ."

ಅವನು ಗಮನವಿಟ್ಟು ಕೇಳುತ್ತಾನೆ. ಆಮೇಲೆ ನನ್ನ ಕೈಯನ್ನು ಮೆಲ್ಲಗೆ ತಟ್ಟಿ, "ನೀನು ಒಳ್ಳೆಯವ್ಳು ಡಾಗ್ನಿ. ಅದಕ್ಕೇ ಹಾಗೆ ಹೇಳ್ತೀಯ" ಅನ್ನುತ್ತಾನೆ.